ಮಗಳ ಸುಕನ್ಯಾ ಖಾತೆಯನ್ನು ಫೋನಿನಿಂದಲೇ ನಡೆಸುವುದು ಹೇಗೆ?

"ಸುಕನ್ಯಾ ಖಾತೆಗೆ ಮನೆಯಿಂದಲೇ ದುಡ್ಡು ಕಟ್ಟಬಹುದಾ?" ಪ್ರತಿ ಮಾರ್ಚ್‌ನಲ್ಲೂ ಈ ಪ್ರಶ್ನೆ ಬರುತ್ತದೆ. ಏಪ್ರಿಲ್ ಆದ ಮೇಲೆ ಅದೇ ಜನ ಇನ್ನೊಂದು ಕೇಳುತ್ತಾರೆ: "ಕಟ್ಟಿದ್ದೇನೆ, ಪಾಸ್‌ಬುಕ್‌ನಲ್ಲಿ ಯಾಕೆ ಕಾಣಿಸ್ತಿಲ್ಲ?" ಎರಡಕ್ಕೂ ಒಂದೇ ಕಡೆ ಉತ್ತರ ಬರೆದಿಡೋಣ ಅಂತ ಈ ಲೇಖನ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಫೋನಿನಿಂದ ಆಗುವುದು ಮುಖ್ಯವಾಗಿ ಎರಡೇ ಕೆಲಸ. ದುಡ್ಡು ಕಟ್ಟುವುದು, ಬಾಕಿ (ಅಂದರೆ ಖಾತೆಯಲ್ಲಿ ಎಷ್ಟು ಹಣ ಇದೆ ಎಂದು) ನೋಡುವುದು. ಖಾತೆ ತೆರೆಯಲು, ದುಡ್ಡು ತೆಗೆಯಲು, ಪೋಷಕರ ಹೆಸರು ಬದಲಿಸಲು, ಖಾತೆ ಮುಚ್ಚಲು ಕೌಂಟರಿಗೆ ಹೋಗಲೇಬೇಕು ಎಂದು ಇಟ್ಟುಕೊಳ್ಳಿ. ಆ ಎರಡು ಕೆಲಸ ಸಲೀಸಾಗಿ ನಡೆಯಬೇಕಾದರೂ ಒಂದು ಸಲ ಶಾಖೆಗೆ ಹೋಗಿ ದಾಖಲೆ ಸರಿಮಾಡಿಸಿಕೊಳ್ಳಬೇಕು. ಬಹಳ ಜನ ಎಡವುವುದು ಆ್ಯಪ್‌ನಲ್ಲಿ ಅಲ್ಲ, ಅದಕ್ಕೂ ಮುಂಚೆ.

ಹೊಸಬರಿಗೆ ಎರಡು ಸಾಲಿನ ಪರಿಚಯ. ಸುಕನ್ಯಾ ಸಮೃದ್ಧಿ ಯೋಜನೆ ಶುರುವಾದದ್ದು 2015ರ ಜನವರಿ 22ರಂದು. 10 ವರ್ಷ ತುಂಬದ ಹೆಣ್ಣುಮಗುವಿನ ಹೆಸರಿನಲ್ಲಿ ಅಪ್ಪ, ಅಮ್ಮ ಅಥವಾ ಕಾನೂನುಬದ್ಧ ಪೋಷಕರು ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಇದನ್ನು ತೆರೆಯಬಹುದು. ಒಂದು ಮಗುವಿಗೆ ಒಂದೇ ಖಾತೆ, ಒಂದು ಮನೆಗೆ ಎರಡು. ಅವಳಿ ತ್ರಿವಳಿ ಇದ್ದರೆ ಮಾತ್ರ ವಿನಾಯಿತಿ. ವರ್ಷಕ್ಕೆ ಕನಿಷ್ಠ 250 ರೂಪಾಯಿ, ಗರಿಷ್ಠ 1.5 ಲಕ್ಷ. ಬಡ್ಡಿ ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಹೇಳುತ್ತದೆ. 2020ರ ಏಪ್ರಿಲ್‌ನಿಂದ ಮೂರು ವರ್ಷ 7.6% ಇತ್ತು, 2023ರ ಏಪ್ರಿಲ್‌ನಲ್ಲಿ 8% ಆಯಿತು, 2024ರ ಜನವರಿಯಲ್ಲಿ 8.2%ಕ್ಕೆ ಏರಿತು.

ಹಂತ 1: ಪಾಸ್‌ಬುಕ್‌ನ ಮೊದಲ ಪುಟ ತೆಗೆದು ಓದಿ

ಸುಮ್ನೆ ಹೇಳುತ್ತಿಲ್ಲ. ಮುಂದಿನ ಎಲ್ಲ ಹಂತಕ್ಕೂ ಬೇಕಾದದ್ದು ಈ ಪುಟದಲ್ಲೇ ಇದೆ. ನಾಲ್ಕು ಸಂಗತಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಖಾತೆ ಸಂಖ್ಯೆ, ಗ್ರಾಹಕ ಸಂಖ್ಯೆ, ಖಾತೆ ತೆರೆದ ತಾರೀಕು, ಪೋಷಕರಾಗಿ ಯಾರ ಹೆಸರಿದೆ ಎಂಬುದು.

ಗ್ರಾಹಕ ಸಂಖ್ಯೆ ಅಂದರೆ ಸಿಐಎಫ್. ಬ್ಯಾಂಕ್ ಅಥವಾ ಅಂಚೆ ಇಲಾಖೆ ಒಬ್ಬೊಬ್ಬ ಗ್ರಾಹಕರಿಗೂ ಕೊಡುವ ಗುರುತಿನ ಸಂಖ್ಯೆ ಅದು. ಖಾತೆ ಸಂಖ್ಯೆಯೇ ಬೇರೆ, ಇದೇ ಬೇರೆ. ನಿಮ್ಮ ಉಳಿತಾಯ ಖಾತೆಗೆ ಒಂದು ಸಿಐಎಫ್ ಇರುತ್ತದೆ, ಮಗಳ ಖಾತೆಗೆ ಇನ್ನೊಂದು ಇರಬಹುದು. ಆ್ಯಪ್ ಕೇಳಿದಾಗ ನಿಮ್ಮದನ್ನು ಹಾಕಿದರೆ "ವಿವರ ಹೊಂದುತ್ತಿಲ್ಲ" ಎಂದು ವಾಪಸ್ ಕಳಿಸುತ್ತದೆ. ಹಳೆಯ ಪಾಸ್‌ಬುಕ್‌ನಲ್ಲಿ ಸಿಐಎಫ್ ಇಲ್ಲದಿದ್ದರೆ ಕೌಂಟರಿನಲ್ಲಿ ಕೇಳಿ ಬರೆಸಿಕೊಳ್ಳಿ.

ತಾರೀಕಿನ ವಿಷಯಕ್ಕೆ ಬರೋಣ. ಇದರಲ್ಲಿ ಗೊಂದಲ ಬಹಳ. ಮಗಳಿಗೆ 21 ಆದಾಗ ಖಾತೆ ಮುಗಿಯುತ್ತದೆ ಎಂದು ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ಖಾತೆಗೆ 21 ವರ್ಷ ಆಗಬೇಕು. ದುಡ್ಡು ಕಟ್ಟುವುದು ಖಾತೆ ತೆರೆದ ದಿನದಿಂದ 15 ವರ್ಷ. ಉಳಿದ ಆರು ವರ್ಷ ನೀವೇನೂ ಕಟ್ಟುವಂತಿಲ್ಲ, ಬಡ್ಡಿ ಮಾತ್ರ ಬೆಳೆಯುತ್ತಿರುತ್ತದೆ. ಉದಾಹರಣೆಗೆ 2019ರ ಜುಲೈ 12ರಂದು ಏಳು ವರ್ಷದ ಮಗಳಿಗೆ ಖಾತೆ ತೆರೆದಿದ್ದೀರಿ ಎನ್ನಿ. ಕಂತು 2034ರ ಜುಲೈಗೆ ಮುಗಿಯುತ್ತದೆ. ಖಾತೆ ಮುಗಿಯುವುದು 2040ರ ಜುಲೈಯಲ್ಲಿ. ಆಗ ಮಗಳಿಗೆ 28. ಎಂಜಿನಿಯರಿಂಗ್ ಫೀಸಿಗೆ ಪೂರ್ತಿ ಹಣ ಸಿಗುತ್ತದೆ ಎಂದು ಲೆಕ್ಕ ಹಾಕಿದ್ದರೆ ಈಗಲೇ ಬದಲಿಸಿಕೊಳ್ಳಿ.

ಪೋಷಕರ ಹೆಸರನ್ನೂ ನೋಡಿ. ಅಜ್ಜ ಅಜ್ಜಿ ಪ್ರೀತಿಯಿಂದ ತೆರೆದ ಖಾತೆಗಳು ನಮ್ಮಲ್ಲಿ ಕಡಿಮೆ ಇಲ್ಲ. ಅವರು ಕಾನೂನುಬದ್ಧ ಪೋಷಕರಲ್ಲದಿದ್ದರೆ ಅಂಥ ಖಾತೆಯನ್ನು ಅಪ್ಪ ಅಥವಾ ಅಮ್ಮನ ಹೆಸರಿಗೆ ಬದಲಿಸಬೇಕು ಎಂದು ಕೇಂದ್ರ ಸರ್ಕಾರ ಹೇಳಿದೆ. ಈ ನಿಯಮ 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಇದು ಕೌಂಟರ್ ಕೆಲಸ. ಅಜ್ಜಿ ಪಾಸ್‌ಬುಕ್ ಹಿಡಿದು ಜೊತೆಗೆ ಬಂದರೆ ಸುಲಭವಾಗುತ್ತದೆ.

ಇನ್ನೊಂದು ಮಾತು, ಕರ್ನಾಟಕದವರಿಗೆ. ಭಾಗ್ಯಲಕ್ಷ್ಮಿ ಯೋಜನೆ 2020-21ರ ನಂತರ ಅಂಚೆ ಇಲಾಖೆಯ ಸುಕನ್ಯಾ ಖಾತೆಯ ಮೂಲಕ ನಡೆಯುತ್ತಿದೆ. ಅಂಗನವಾಡಿಯಲ್ಲಿ ಅರ್ಜಿ ಕೊಟ್ಟಿದ್ದರೆ ಮಗಳ ಹೆಸರಿನಲ್ಲಿ ಈಗಾಗಲೇ ಒಂದು ಖಾತೆ ಇರಬಹುದು. ಅದು ಮರೆತು ಬ್ಯಾಂಕಿನಲ್ಲಿ ಎರಡನೆಯದು ತೆರೆಯಬೇಡಿ. ಒಂದು ಮಗುವಿಗೆ ಎರಡು ಖಾತೆ ನಿಯಮದಲ್ಲಿ ಇಲ್ಲ.

ಹಂತ 2: ಮೊಬೈಲ್, ಆಧಾರ್, ಪ್ಯಾನ್ ಸರಿ ಇದೆಯಾ?

2023ರ ಏಪ್ರಿಲ್‌ನಿಂದ ಸುಕನ್ಯಾದಂಥ ಸಣ್ಣ ಉಳಿತಾಯ ಖಾತೆಗಳಿಗೆ ಆಧಾರ್ ಮತ್ತು ಪ್ಯಾನ್ ಬೇಕೇ ಬೇಕು. ಅದಕ್ಕಿಂತ ಹಳೆಯ ಖಾತೆಗೂ ಆಧಾರ್ ಕೊಡಲು ಆರು ತಿಂಗಳ ಗಡುವು ಇತ್ತು. ಕೊಡದೇ ಹೋದ ಖಾತೆ, ಕೊಡುವ ತನಕ ನಿಂತುಬಿಡುತ್ತದೆ. ನಿಮ್ಮ ಖಾತೆ 2023ಕ್ಕಿಂತ ಹಿಂದಿನದಾಗಿದ್ದರೆ ಒಮ್ಮೆ ವಿಚಾರಿಸಿ.

ಮೊಬೈಲ್ ನಂಬರ್ ಇನ್ನೂ ಮುಖ್ಯ. ಒಟಿಪಿ ಬರುವುದು ಖಾತೆಯಲ್ಲಿ ದಾಖಲಾದ ನಂಬರಿಗೆ. ನನ್ನ ಅನುಭವ ಹೇಳುವುದಾದರೆ, ಖಾತೆ ತೆರೆದಾಗ ಕೊಟ್ಟ ಸಿಮ್ ಬಿಟ್ಟು ಎರಡು ವರ್ಷ ಆಗಿತ್ತು. ಎಲ್ಲ ಸರಿಯಾಗಿ ಹಾಕಿದೆ, ಒಟಿಪಿ ಯಾರದೋ ಫೋನಿಗೆ ಹೋಯಿತು. ಮೂರು ಸಲ ಪ್ರಯತ್ನಿಸಿ, ಕೊನೆಗೆ ಕೆವೈಸಿ ಅರ್ಜಿ ತುಂಬಿ ನಂಬರ್ ಬದಲಿಸಿದೆ. ಕೆವೈಸಿ ಅಂದರೆ ಗ್ರಾಹಕರ ಗುರುತು, ವಿಳಾಸ ದೃಢಪಡಿಸುವ ಕಾಗದ. ನಿಮ್ಮ ಖಾತೆ ಮತ್ತು ಮಗಳ ಖಾತೆ ಎರಡಕ್ಕೂ ಒಂದೇ ನಂಬರ್ ಇರಲಿ. ಅರ್ಜಿಯಲ್ಲಿ "ಮಗಳ ಖಾತೆಗೂ" ಎಂದು ಬಾಯಿಬಿಟ್ಟು ಹೇಳಿ. ಇಲ್ಲದಿದ್ದರೆ ನಿಮ್ಮ ಖಾತೆಗೆ ಮಾತ್ರ ಬದಲಿಸಿ ಕಳಿಸುವುದೂ ಉಂಟು.

ಹಂತ 3: ನಿಮ್ಮ ದಾರಿ ಯಾವುದು ನೋಡಿಕೊಳ್ಳಿ

ಖಾತೆ ಬ್ಯಾಂಕಿನಲ್ಲಿದ್ದರೆ ದಾರಿ ಹತ್ತಿರ. ನಿಮ್ಮ ಉಳಿತಾಯ ಖಾತೆಯೂ ಅದೇ ಬ್ಯಾಂಕಿನಲ್ಲಿದ್ದರೆ ಮಗಳ ಖಾತೆಯನ್ನು ನಿಮ್ಮ ನೆಟ್ ಬ್ಯಾಂಕಿಂಗ್‌ಗೆ ಜೋಡಿಸಿಕೊಡಿ ಎಂದು ಶಾಖೆಯಲ್ಲಿ ಬರೆದುಕೊಡಿ. ಹಾಗೆ ಜೋಡಿಸಲು ಆಗದಿದ್ದರೆ ಅದೇ ಬ್ಯಾಂಕಿನ ಇನ್ನೊಂದು ಖಾತೆಗೆ ಹಣ ಕಳಿಸುವಂತೆ ಸೇರಿಸಿಕೊಂಡು ಕಳಿಸಬಹುದು. ಆದರೆ ಬಾಕಿ ಕಾಣಿಸುವುದಿಲ್ಲ.

ಇಲ್ಲೊಂದು ಗುಂಡಿ ಇದೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐ ಜೊತೆ ಸೇರಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಜೊತೆ, 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಜೊತೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕ್ ಜೊತೆ ಸೇರಿದವು. ಯೋಜನೆಯ ಮೊದಲ ವರ್ಷಗಳಲ್ಲಿ ನಮ್ಮ ರಾಜ್ಯದಲ್ಲಿ ಖಾತೆ ತೆರೆದವರಲ್ಲಿ ಎಷ್ಟೋ ಮಂದಿ ಈ ನಾಲ್ಕು ಬ್ಯಾಂಕಿನವರೇ. ಹಳೆಯ ಪಾಸ್‌ಬುಕ್ ನೋಡಿಕೊಂಡು ಹಳೆಯ ಐಎಫ್‌ಎಸ್‌ಸಿ, ಅಂದರೆ ಶಾಖೆಯ ಗುರುತಿನ ಕೋಡ್, ಹಾಕಿದರೆ ಹಣ ಹೋಗುವುದಿಲ್ಲ. ಹೊಸ ಪಾಸ್‌ಬುಕ್ ಪಡೆದೇ ಮುಂದುವರಿಯಿರಿ.

ಖಾತೆ ಅಂಚೆ ಕಚೇರಿಯಲ್ಲಿದ್ದರೆ ಎರಡು ದಾರಿ.

ಒಂದು, ಅಂಚೆ ಇಲಾಖೆಯ ಸ್ವಂತ ಇಂಟರ್‌ನೆಟ್ ಬ್ಯಾಂಕಿಂಗ್. ಇದಕ್ಕೆ ನಿಮ್ಮ ಹೆಸರಿನಲ್ಲಿ ಅಂಚೆ ಉಳಿತಾಯ ಖಾತೆ ಇರಬೇಕು, ಶಾಖೆಯಲ್ಲಿ ಅರ್ಜಿ ಕೊಟ್ಟು ಚಾಲೂ ಮಾಡಿಸಿಕೊಳ್ಳಬೇಕು. ಹಳ್ಳಿಯ ಬ್ರಾಂಚ್ ಪೋಸ್ಟ್ ಆಫೀಸಿನಲ್ಲಿ ಆಗದಿದ್ದರೆ ಸಬ್ ಪೋಸ್ಟ್ ಆಫೀಸ್ ಅಥವಾ ಹೆಡ್ ಪೋಸ್ಟ್ ಆಫೀಸಿಗೆ ಹೋಗಿ. ಬೇರೆ ಬ್ಯಾಂಕಿನಿಂದ ಅಂಚೆ ಉಳಿತಾಯ ಖಾತೆಗೆ ನೆಫ್ಟ್ ಮೂಲಕ ಹಣ ಕಳಿಸುವ ಅನುಕೂಲ 2022ರ ಮೇ ತಿಂಗಳಿಂದ ಇದೆ.

ಇನ್ನೊಂದು, ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್, ಅಂದರೆ ಐಪಿಪಿಬಿ. ಹೆಸರಿನಲ್ಲಿ ಪೋಸ್ಟ್ ಇದ್ದರೂ ಇದು ಅಂಚೆ ಉಳಿತಾಯ ಖಾತೆ ಅಲ್ಲ, ಬೇರೆಯೇ ಬ್ಯಾಂಕ್. ಜನ ಎರಡನ್ನೂ ಒಂದೇ ಎಂದುಕೊಂಡು ಒದ್ದಾಡುತ್ತಾರೆ. ಐಪಿಪಿಬಿಯಲ್ಲಿ ಒಂದು ಖಾತೆ ತೆರೆದರೆ ಅದರ ಆ್ಯಪ್‌ನಿಂದ ಮಗಳ ಅಂಚೆ ಸುಕನ್ಯಾ ಖಾತೆಗೆ ನೇರವಾಗಿ ಕಟ್ಟಬಹುದು. ಪೋಸ್ಟ್‌ಮ್ಯಾನ್ ಕೈಯಲ್ಲೇ ಬೆರಳಚ್ಚು ಕೊಟ್ಟು ಖಾತೆ ತೆರೆಯಬಹುದು. ನೀವೇ ಆ್ಯಪ್‌ನಲ್ಲಿ ತೆರೆದ ಡಿಜಿಟಲ್ ಖಾತೆಯಾದರೆ 12 ತಿಂಗಳೊಳಗೆ ಪೂರ್ತಿ ಕೆವೈಸಿ ಮಾಡಿಸಿ. ಇಲ್ಲದಿದ್ದರೆ ಮುಚ್ಚಿಹೋಗುತ್ತದೆ. ಇದು ಪೇಮೆಂಟ್ಸ್ ಬ್ಯಾಂಕ್ ಆದ್ದರಿಂದ ದಿನದ ಕೊನೆಗೆ 2 ಲಕ್ಷಕ್ಕಿಂತ ಜಾಸ್ತಿ ಇಡುವಂತಿಲ್ಲ. ನಮ್ಮ ಕೆಲಸಕ್ಕೆ ಅಷ್ಟು ಸಾಕು.

ನನ್ನ ಅಭಿಪ್ರಾಯ ಕೇಳಿದರೆ, ಅಂಚೆ ಖಾತೆಯವರಿಗೆ ಐಪಿಪಿಬಿಯೇ ಸುಲಭ.

ಹಂತ 4: ಮೊದಲ ಸಲ 250 ಮಾತ್ರ ಕಟ್ಟಿ

ಐಪಿಪಿಬಿ ದಾರಿ ಹೀಗಿದೆ. ಆ್ಯಪ್‌ನ ಮೆನುಗಳು ಆಗಾಗ ಸ್ವಲ್ಪ ಅದಲುಬದಲಾಗುತ್ತವೆ, ಗಾಬರಿ ಬೇಡ.

1. ನಿಮ್ಮ ಬ್ಯಾಂಕಿನಿಂದ ಐಪಿಪಿಬಿ ಖಾತೆಗೆ ಹಣ ಹಾಕಿಕೊಳ್ಳಿ.
2. ಆ್ಯಪ್ ತೆರೆದು ಡಿಒಪಿ ಸೇವೆಗಳಿಗೆ ಹೋಗಿ. ಡಿಒಪಿ ಅಂದರೆ ಅಂಚೆ ಇಲಾಖೆ.
3. ಸುಕನ್ಯಾ ಸಮೃದ್ಧಿ ಆಯ್ಕೆ ಮಾಡಿ.
4. ಮಗಳ ಖಾತೆ ಸಂಖ್ಯೆ ಮತ್ತು ಆ ಖಾತೆಯ ಗ್ರಾಹಕ ಸಂಖ್ಯೆ ಹಾಕಿ. ಹಂತ 1ರಲ್ಲಿ ಬರೆದುಕೊಂಡ ಚೀಟಿ ಇಲ್ಲಿಗೆ ಬೇಕು.
5. ತೆರೆಯ ಮೇಲೆ ಬಂದ ಹೆಸರು ಮಗಳದೇನಾ ನೋಡಿ. ಅಲ್ಲದಿದ್ದರೆ ಅಲ್ಲೇ ನಿಲ್ಲಿಸಿ.
6. 250 ಹಾಕಿ, ಒಪ್ಪಿಗೆ ಕೊಡಿ. ಬಂದ ರಸೀದಿ ಉಳಿಸಿಕೊಳ್ಳಿ.

ಯಾಕೆ 250 ಮಾತ್ರ? ತಪ್ಪು ಖಾತೆಗೆ ಹೋದ 250ಕ್ಕೆ ಓಡಾಡುವುದಕ್ಕೂ 50 ಸಾವಿರಕ್ಕೆ ಓಡಾಡುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ಒಂದೆರಡು ದಿನ ಬಿಟ್ಟು ಮಗಳ ಖಾತೆಗೆ ಜಮಾ ಆಗಿದೆ ಎಂದು ಖಚಿತವಾದ ಮೇಲೆ ಉಳಿದದ್ದು ಕಟ್ಟಿ. ಮೊತ್ತ 50ರ ಗುಣಾಕಾರದಲ್ಲಿರಲಿ. 1,025 ಹಾಕಿದರೆ ಒಪ್ಪುವುದಿಲ್ಲ, 1,050 ಆದೀತು.

ಹಂತ 5: ತಾರೀಕು 5 ನೆನಪಿರಲಿ

ಇದು ಲೇಖನದ ಅತಿ ಉಪಯೋಗದ ಭಾಗ ಎಂದು ನನಗನ್ನಿಸುತ್ತದೆ. ಪ್ರತಿ ತಿಂಗಳ 5ರ ಮುಕ್ತಾಯದಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತಕ್ಕೆ ಮಾತ್ರ ಆ ತಿಂಗಳ ಬಡ್ಡಿ. 6ನೇ ತಾರೀಕು ಕಟ್ಟಿದರೆ ಆ ತಿಂಗಳು ಆ ದುಡ್ಡಿಗೆ ಬಡ್ಡಿಯೇ ಇಲ್ಲ. ಏಪ್ರಿಲ್ 5ರೊಳಗೆ ಪೂರ್ತಿ 1.5 ಲಕ್ಷ ಕಟ್ಟುವವರು ಒಂದು ದಿನ ತಡ ಮಾಡಿದರೆ 8.2% ದರದಲ್ಲಿ ಕಳೆದುಕೊಳ್ಳುವುದು 1,025 ರೂಪಾಯಿ.

ತಿಂಗಳು ತಿಂಗಳು ಕಟ್ಟುವವರ ಲೆಕ್ಕವನ್ನೂ ಹಾಕಿದ್ದೇನೆ. ದರ ಕೊನೆಯ ತನಕ 8.2% ಇದ್ದರೆ, ತಿಂಗಳಿಗೆ 1,000ದಂತೆ 15 ವರ್ಷ ಕಟ್ಟಿದ 1.8 ಲಕ್ಷ, 21 ವರ್ಷದ ಕೊನೆಗೆ ಸುಮಾರು 5.5 ಲಕ್ಷ ಆಗುತ್ತದೆ. ಅದೇ 12,000ವನ್ನು ಪ್ರತಿ ಏಪ್ರಿಲ್ ಮೊದಲ ವಾರದಲ್ಲಿ ಒಟ್ಟಿಗೆ ಕಟ್ಟಿದರೆ ಸುಮಾರು 5.7 ಲಕ್ಷ. ವ್ಯತ್ಯಾಸ ಇದೆ, ಆದರೆ ಸಾಲ ಮಾಡಿ ಏಪ್ರಿಲ್‌ನಲ್ಲಿ ಕಟ್ಟುವಷ್ಟು ದೊಡ್ಡದಲ್ಲ. ಸಂಬಳದವರಿಗೆ ತಿಂಗಳ ಕಂತೇ ಚೆನ್ನ. ದರ ಬದಲಾಗುತ್ತಲೇ ಇರುತ್ತದೆ, ಆದ್ದರಿಂದ ಈ ಅಂಕಿಗಳನ್ನು ಅಂದಾಜಿಗೆ ಮಾತ್ರ ಇಟ್ಟುಕೊಳ್ಳಿ.

ತಿಂಗಳ ಕಂತಿಗೆ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಹಾಕಿ. ಅಂದರೆ ಇಂಥ ತಾರೀಕು ಇಷ್ಟು ಹಣ ತಾನಾಗಿ ಹೋಗಲಿ ಎಂದು ಬ್ಯಾಂಕಿಗೆ ಹೇಳಿಡುವುದು. ಸಂಬಳ 1ಕ್ಕೆ ಬಂದರೆ 2 ಅಥವಾ 3ನೇ ತಾರೀಕು ಇಡಿ. 5 ಇಡಬೇಡಿ. ಅಂದು ಭಾನುವಾರವೋ ರಜೆಯೋ ಆದರೆ ಜಾರಿಹೋಗಬಹುದು. ಖಾತೆಯಲ್ಲಿ ಹಣ ಇಲ್ಲದಿದ್ದರೆ ಆ ತಿಂಗಳ ಕಂತು ಸದ್ದಿಲ್ಲದೆ ತಪ್ಪುತ್ತದೆ, ಆದ್ದರಿಂದ ಮೂರು ತಿಂಗಳಿಗೊಮ್ಮೆಯಾದರೂ ನೋಡಿ. ಕೊನೆಯ ತಾರೀಕನ್ನು ಖಾತೆಗೆ 15 ವರ್ಷ ತುಂಬುವ ತಿಂಗಳಿಗೆ ಹಾಕಿ.

ಅಪ್ಪ ಒಂದು ಕಡೆಯಿಂದ, ಅಮ್ಮ ಇನ್ನೊಂದು ಕಡೆಯಿಂದ ಕಟ್ಟುವ ಮನೆಗಳಲ್ಲಿ 1.5 ಲಕ್ಷ ದಾಟಿಬಿಡುವುದುಂಟು. ಜಾಸ್ತಿಯಾದ ದುಡ್ಡಿಗೆ ಬಡ್ಡಿ ಸಿಗುವುದಿಲ್ಲ, ವಾಪಸ್ ಬರುತ್ತದೆ, ಅಷ್ಟೆ.

ಮಾರ್ಚ್ 31ರ ರಾತ್ರಿ ಕಟ್ಟುವವರಿಗೆ ಕೈಮುಗಿದು ಹೇಳುತ್ತೇನೆ, ಬೇಡ. ನಿಮ್ಮ ಬ್ಯಾಂಕಿನಿಂದ ಹೊರಟ ಹಣ ಮಗಳ ಖಾತೆಗೆ ಏಪ್ರಿಲ್ 1ಕ್ಕೆ ಜಮಾ ಆದರೆ ಅದು ಮುಂದಿನ ವರ್ಷದ ಲೆಕ್ಕ. ಮಾರ್ಚ್ 25ರೊಳಗೆ ಮುಗಿಸಿ.

ಹಂತ 6: ಬಾಕಿ ನೋಡುವುದು, ಪಾಸ್‌ಬುಕ್‌ಗೆ ಎಂಟ್ರಿ ಹಾಕಿಸುವುದು

ಬ್ಯಾಂಕಿನಲ್ಲಿ ಖಾತೆ ಇರುವವರು ನೆಟ್ ಬ್ಯಾಂಕಿಂಗ್‌ನಲ್ಲೇ ನೋಡಬಹುದು. ಅಂಚೆ ಇಲಾಖೆ 2022ರಲ್ಲಿ ಇ-ಪಾಸ್‌ಬುಕ್ ಶುರು ಮಾಡಿದೆ. ದಾಖಲಾದ ಮೊಬೈಲ್‌ಗೆ ಬರುವ ಒಟಿಪಿ ಹಾಕಿ ಬಾಕಿ, ಇತ್ತೀಚಿನ ವ್ಯವಹಾರ ನೋಡಬಹುದು. ಇದಕ್ಕೆ ಬೇರೆ ಪಾಸ್‌ವರ್ಡ್ ಬೇಡ.

ಇನ್ನು ಆ ಏಪ್ರಿಲ್ ಪ್ರಶ್ನೆ. ಆನ್‌ಲೈನ್‌ನಲ್ಲಿ ಕಟ್ಟಿದ್ದು ಕೈಯಲ್ಲಿರುವ ಪಾಸ್‌ಬುಕ್‌ಗೆ ತಾನಾಗಿ ಬರುವುದಿಲ್ಲ, ಕೌಂಟರಿನಲ್ಲಿ ಮುದ್ರಿಸಿಕೊಡಬೇಕು. ಬಡ್ಡಿಯೂ ಅಷ್ಟೆ. ತಿಂಗಳು ತಿಂಗಳು ಲೆಕ್ಕವಾದರೂ ಜಮಾ ಆಗುವುದು ಆರ್ಥಿಕ ವರ್ಷದ ಕೊನೆಗೆ ಒಂದೇ ಸಲ. ವರ್ಷಕ್ಕೊಮ್ಮೆ ಏಪ್ರಿಲ್ ಎರಡನೇ ವಾರ ಪಾಸ್‌ಬುಕ್ ಹಿಡಿದು ಹೋಗಿ ಎಂಟ್ರಿ ಹಾಕಿಸಿ, ಪ್ರತಿ ಕಂತನ್ನೂ ನಿಮ್ಮ ರಸೀದಿಗೆ ಹೋಲಿಸಿ. ಒಂದು ಎಂಟ್ರಿ ಕಾಣೆಯಾದರೆ ಅದೇ ವರ್ಷ ಹುಡುಕುವುದು ಸುಲಭ. ಹತ್ತು ವರ್ಷದ ನಂತರ ಯಾರೂ ಹುಡುಕಿಕೊಡುವುದಿಲ್ಲ.

ತೆರಿಗೆ ಬಗ್ಗೆ ಚಿಕ್ಕದಾಗಿ. ಹಳೆಯ ತೆರಿಗೆ ಪದ್ಧತಿ ಆಯ್ದುಕೊಂಡವರಿಗೆ ಕಟ್ಟಿದ ಹಣದ ಮೇಲೆ ರಿಯಾಯಿತಿ ಇದೆ, ಪಿಎಫ್, ವಿಮೆ ಎಲ್ಲ ಸೇರಿ 1.5 ಲಕ್ಷದ ಮಿತಿಯೊಳಗೆ. ಹೊಸ ಪದ್ಧತಿಯಲ್ಲಿ ಅದಿಲ್ಲ. ಬಡ್ಡಿಗೆ ಮತ್ತು ಕೊನೆಗೆ ಬರುವ ಹಣಕ್ಕೆ ಎರಡರಲ್ಲೂ ತೆರಿಗೆ ಇಲ್ಲ.

ಹಂತ 7: ಕಂತು ತಪ್ಪಿದ್ದರೆ

ಒಂದು ಆರ್ಥಿಕ ವರ್ಷದಲ್ಲಿ 250 ಕೂಡ ಬೀಳದಿದ್ದರೆ ಖಾತೆ ಡೀಫಾಲ್ಟ್ ಆಗುತ್ತದೆ, ಅಂದರೆ ಕಂತು ತಪ್ಪಿದ ಖಾತೆ. ದುಡ್ಡು ಮುಳುಗುವುದಿಲ್ಲ, ಹೆದರಬೇಡಿ. ತಪ್ಪಿದ ಪ್ರತಿ ವರ್ಷಕ್ಕೆ 250 ಮತ್ತು 50 ದಂಡ ಕಟ್ಟಿದರೆ ಮತ್ತೆ ಚಾಲೂ. ಮೂರು ವರ್ಷ ಬಿಟ್ಟಿದ್ದರೆ 900, ಜೊತೆಗೆ ಈ ವರ್ಷದ ಕಂತು. ಖಾತೆಗೆ 15 ವರ್ಷ ತುಂಬುವ ಮೊದಲು ಮಾಡಬೇಕು. ಇದನ್ನು ಆ್ಯಪ್‌ನಲ್ಲಿ ಪ್ರಯತ್ನಿಸಿ ಸಮಯ ಕಳೆಯಬೇಡಿ, ನೇರ ಕೌಂಟರಿಗೆ ಹೋಗಿ.

ಮೋಸದ ಬಗ್ಗೆ

"ನಿಮ್ಮ ಮಗಳ ಸುಕನ್ಯಾ ಖಾತೆಯ ಕೆವೈಸಿ ಅವಧಿ ಮುಗಿದಿದೆ, ಈ ಲಿಂಕ್ ಒತ್ತಿ" ಎಂಬ ಸಂದೇಶ ಬಂದರೆ ಒತ್ತಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲ್ ಹಾಕಿಕೊಳ್ಳಬೇಡಿ. ಅದು ನಿಮ್ಮ ಒಟಿಪಿ ಕದಿಯುವ ಆ್ಯಪ್ ಆಗಿರುತ್ತದೆ. ಬೇಟಿ ಬಚಾವೋ ಬೇಟಿ ಪಢಾವೋ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ 2 ಲಕ್ಷ ಸಿಗುತ್ತದೆಂದು ಮಾರುವ ಅರ್ಜಿಗಳೂ ಸುಳ್ಳು. ಆ ಯೋಜನೆಯಲ್ಲಿ ನೇರವಾಗಿ ದುಡ್ಡು ಕೊಡುವುದೇ ಇಲ್ಲ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಮಗಳ ಹೆಸರು, ಹುಟ್ಟಿದ ದಿನ, ಪಾಸ್‌ಬುಕ್ ಫೋಟೊ ಮೂರನ್ನೂ ಒಟ್ಟಿಗೆ ಫ್ಯಾಮಿಲಿ ಗ್ರೂಪಿನಲ್ಲಿ ಹಾಕುವುದೂ ಬೇಡ. ಆದರೆ ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿರಲಿ. ಎಲ್ಲ ಅಪ್ಪನ ಫೋನಿನಲ್ಲೇ ಇದ್ದು, ಅಮ್ಮನಿಗೆ ಖಾತೆ ಯಾವ ಶಾಖೆಯಲ್ಲಿದೆ ಎಂದೂ ತಿಳಿಯದ ಮನೆಗಳು ಬೇಕಾದಷ್ಟಿವೆ.

ಹಂತ 8: ಹತ್ತನೇ ಕ್ಲಾಸ್ ಆದ ಮೇಲೆ

ಮಗಳು ಹತ್ತನೇ ತರಗತಿ ಪಾಸಾದರೆ ಅಥವಾ ಅವಳಿಗೆ 18 ತುಂಬಿದರೆ, ಯಾವುದು ಮೊದಲೋ ಆಗ, ಓದಿನ ಖರ್ಚಿಗೆ ಹಣ ತೆಗೆಯಬಹುದು. ಹಿಂದಿನ ಆರ್ಥಿಕ ವರ್ಷದ ಕೊನೆಯಲ್ಲಿದ್ದ ಬಾಕಿಯ ಅರ್ಧದ ತನಕ. ಆದರೆ ಕಾಲೇಜಿನ ಪ್ರವೇಶ ಪತ್ರ ಅಥವಾ ಫೀಸಿನ ಚೀಟಿಯಲ್ಲಿ ಎಷ್ಟಿದೆಯೋ ಅದಕ್ಕಿಂತ ಜಾಸ್ತಿ ಕೊಡುವುದಿಲ್ಲ. ಒಂದೇ ಸಲ ತೆಗೆಯಬಹುದು, ಇಲ್ಲವೇ ವರ್ಷಕ್ಕೊಂದರಂತೆ ಐದು ಕಂತಿನಲ್ಲಿ. ಸೀಟು ಸಿಕ್ಕ ದಿನವೇ ಫೀಸು ಕಟ್ಟಬೇಕಾದ ಕಡೆ ಇದನ್ನು ನಂಬಿ ಕೂರಬೇಡಿ, ಕಾಗದಪತ್ರಕ್ಕೆ ಸಮಯ ಹಿಡಿಯುತ್ತದೆ. ಮದುವೆಗಾಗಿ ಖಾತೆ ಮುಚ್ಚುವುದಾದರೆ ಮಗಳಿಗೆ 18 ಆಗಿರಬೇಕು. ಮದುವೆಗೆ ಒಂದು ತಿಂಗಳ ಮುಂಚಿನಿಂದ ಮದುವೆಯಾದ ಮೂರು ತಿಂಗಳವರೆಗೆ ಮಾತ್ರ ಅರ್ಜಿ ಕೊಡಬಹುದು.

18 ತುಂಬಿದ ದಿನದಿಂದ ಖಾತೆ ನಡೆಸುವವಳು ಅವಳೇ. ಅವಳ ಆಧಾರ್, ಪ್ಯಾನ್, ಫೋಟೊ ತೆಗೆದುಕೊಂಡು ಇಬ್ಬರೂ ಶಾಖೆಗೆ ಹೋಗಿ, ಅವಳ ಸಹಿ ಮತ್ತು ಅವಳ ಮೊಬೈಲ್ ನಂಬರ್ ದಾಖಲಿಸಿ. ಪ್ಯಾನ್ ಬರಲು ಕೆಲವು ದಿನ ಬೇಕು, ಹುಟ್ಟುಹಬ್ಬಕ್ಕೆ ಮುಂಚೆಯೇ ಅರ್ಜಿ ಹಾಕಿಡಿ. ಅಂದಿನಿಂದ ಒಟಿಪಿ ಅವಳ ಫೋನಿಗೆ ಬರುತ್ತದೆ. ಖಾತೆಗೆ ಇನ್ನೂ 15 ವರ್ಷ ತುಂಬಿರದಿದ್ದರೆ ನಿಮ್ಮ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಮಾತ್ರ ನಿಲ್ಲಿಸಬೇಡಿ.